ಮೂರನೆಯ ರಿಚರ್ಡನ ವಂಶ: ತಂದೆಯ ಎಳೆ, ತಾಯಿಯ ಎಳೆ

ಪ್ರಶ್ನೆ: ಇಂಗ್ಲೆಂಡಿನ ಮೂರನೆಯ ರಿಚರ್ಡ್ ಯಾರ್ಕ್ ವಂಶದವನು ಎಂದು ಒಂದೆಡೆ, ಪ್ಲಾಂಟಾಜೆನೆಟ್ ವಂಶದ ಕೊನೆಯ ದೊರೆ ಎಂದು ಇನ್ನೊಂದೆಡೆ ಓದಿದ್ದೇನೆ. ಯಾವುದು ಸರಿ? ಯಾರ್ಕ್ ಮತ್ತು ಲ್ಯಾಂಕಾಸ್ಟರ್ ಬೇರೆ ಬೇರೆ ವಂಶಗಳೇ? ಲೆಸ್ಟರ್ ನಗರದ ಕಾರ್ ಪಾರ್ಕಿಂಗ್ ಜಾಗದಲ್ಲಿ ಸಿಕ್ಕ ಅವನ ಅಸ್ಥಿಪಂಜರದ ಡಿಎನ್‌ಎ ತಂದೆಯ ಕಡೆಯವರ ಡಿಎನ್‌ಎ ಜೊತೆ ಹೊಂದಲಿಲ್ಲವಂತೆ. ಹಾಗಿದ್ದರೆ ಅವನು ನಿಜವಾದ ರಾಜವಂಶದವನಲ್ಲ ಎಂದು ಅರ್ಥವೇ?

ಉತ್ತರ: ನೀವು ಕೇಳಿರುವ ಮೊದಲ ಎರಡು ಪ್ರಶ್ನೆಗಳಿಗೆ ಉತ್ತರ ಸುಲಭ. ಯಾರ್ಕ್ ಮತ್ತು ಲ್ಯಾಂಕಾಸ್ಟರ್ ಬೇರೆ ಬೇರೆ ವಂಶಗಳಲ್ಲ, ಒಬ್ಬನೇ ಮೂಲಪುರುಷನಿಂದ ಕವಲೊಡೆದ ದಾಯಾದಿ ಮನೆಗಳು. ಪ್ಲಾಂಟಾಜೆನೆಟ್ ಎಂಬುದು ಆ ಎರಡೂ ಕವಲುಗಳ ಹಿಂದಿರುವ ಮೂಲ ಮನೆತನದ ಹೆಸರು. ಆದ್ದರಿಂದ ನೀವು ಓದಿದ ಎರಡೂ ಮಾತುಗಳು ಸರಿಯೇ. ಮೂರನೆಯ ಪ್ರಶ್ನೆಗೆ ನನ್ನ ಉತ್ತರ ‘ಅಲ್ಲ’ ಎಂಬುದು, ಆದರೆ ಅಷ್ಟು ಹೇಳಿ ಬಿಟ್ಟರೆ ಸಾಲದು. ರಿಚರ್ಡನ ವಂಶವನ್ನು ತಂದೆಯಿಂದ ಮಗನಿಗೆ ಇಳಿಯುವ ಒಂದೇ ಗೆರೆಯಂತೆ ನೋಡುವ ಅಭ್ಯಾಸವೇ ಈ ಗೊಂದಲದ ಬೇರು ಎಂದು ನಾನು ತಿಳಿದಿದ್ದೇನೆ. ಅವನ ಮನೆತನಕ್ಕೆ ಯಾರ್ಕ್ ಎಂಬ ಬಿರುದು ಬಂದದ್ದು ಗಂಡುಸಾಲಿನಿಂದ. ಸಿಂಹಾಸನದ ಹಕ್ಕು ಬಂದದ್ದು ತಂದೆಯನ್ನು ಹೆತ್ತ ಅಜ್ಜಿಯಿಂದ. ಐನೂರು ವರ್ಷಗಳ ಮೇಲೆ ಅವನ ಎಲುಬುಗಳಿಗೆ ಹೆಸರು ಮರಳಿ ಸಿಕ್ಕದ್ದು ತಾಯಿಯ ಸಾಲಿನಿಂದ. ಈ ಮೂರು ಎಳೆಗಳನ್ನು ಬೇರೆ ಬೇರೆಯಾಗಿ ಹಿಡಿದು ನೋಡಿದರೆ ಡಿಎನ್‌ಎ ಪರೀಕ್ಷೆ ಏನು ಹೇಳಿತು, ಏನು ಹೇಳಲಿಲ್ಲ ಎಂಬುದು ತಾನಾಗಿ ತಿಳಿಯುತ್ತದೆ.

ಪ್ಲಾಂಟಾಜೆನೆಟ್ ಮನೆತನ ಇಂಗ್ಲೆಂಡಿಗೆ ಬಂದದ್ದೇ ಒಬ್ಬ ಮಗಳ ಮೂಲಕ. ಒಂದನೆಯ ಹೆನ್ರಿಯ ಏಕಮಾತ್ರ ಔರಸ ಪುತ್ರ ವಿಲಿಯಂ 1120ರ ನವೆಂಬರಿನಲ್ಲಿ ಹಡಗು ಮುಳುಗಿ ಸತ್ತುಹೋದ. ಉಳಿದವಳು ಮಗಳು ಮಟಿಲ್ಡಾ. ಅವಳನ್ನು ಫ್ರಾನ್ಸಿನ ಆಂಜೂ ಪ್ರಾಂತದ ಜೆಫ್ರಿಗೆ ಕೊಟ್ಟು ಮದುವೆ ಮಾಡಿದರು. ಪ್ಲಾಂಟಾಜೆನೆಟ್ ಎಂಬುದು ಹಳದಿ ಹೂವಿನ ಒಂದು ಪೊದೆಗಿಡದ ಲ್ಯಾಟಿನ್ ಹೆಸರಿನಿಂದ ಬಂದ ಈ ಜೆಫ್ರಿಯ ಅಡ್ಡಹೆಸರು. ಹೆನ್ರಿ 1135ರಲ್ಲಿ ತೀರಿಕೊಂಡಾಗ ಮಟಿಲ್ಡಾಳ ಸೋದರತ್ತೆಯ ಮಗ ಸ್ಟೀಫನ್ ಪಟ್ಟವನ್ನು ಹಿಡಿದ, ಹತ್ತೊಂಬತ್ತು ವರ್ಷ ಗೊಂದಲ ನಡೆಯಿತು, ಕೊನೆಗೆ 1154ರಲ್ಲಿ ಮಟಿಲ್ಡಾಳ ಮಗ ಎರಡನೆಯ ಹೆನ್ರಿ ದೊರೆಯಾದ. ಮಟಿಲ್ಡಾಳ ತಲೆಯ ಮೇಲೆ ಎಂದೂ ಕಿರೀಟ ಕೂರಲಿಲ್ಲ. ಆದರೆ ಅವಳ ಮೂಲಕ ಹಾದುಬಂದ ಹಕ್ಕನ್ನು ಅವಳ ಮಗನ ವಿಷಯದಲ್ಲಿ ರಾಜ್ಯ ಒಪ್ಪಿಕೊಂಡಿತು. ಹೆಣ್ಣು ಆಳಬಹುದೇ ಎಂಬುದು ಒಂದು ಪ್ರಶ್ನೆ, ಹೆಣ್ಣಿನ ಮೂಲಕ ಹಕ್ಕು ಹರಿಯಬಹುದೇ ಎಂಬುದು ಇನ್ನೊಂದು ಪ್ರಶ್ನೆ. ಮಧ್ಯಯುಗದ ಇಂಗ್ಲೆಂಡ್ ಇವೆರಡನ್ನೂ ಒಂದೇ ಎಂದು ಎಣಿಸಲಿಲ್ಲ. ಮುಂದಿನ ಮುನ್ನೂರು ವರ್ಷಗಳ ಜಗಳವೆಲ್ಲ ಈ ಎರಡನೆಯ ಪ್ರಶ್ನೆಯ ಸುತ್ತಲೇ ನಡೆದದ್ದು.

ಎರಡನೆಯ ಹೆನ್ರಿಯಿಂದ ಜಾನ್, ಮೂರನೆಯ ಹೆನ್ರಿ, ಒಂದನೆಯ, ಎರಡನೆಯ, ಮೂರನೆಯ ಎಡ್ವರ್ಡ್ ಎಂದು ವಂಶ ನೇರವಾಗಿ ಇಳಿಯುತ್ತದೆ. ನಿಮ್ಮ ಪ್ರಶ್ನೆಯ ಮೂಲಪುರುಷ ಈ ಮೂರನೆಯ ಎಡ್ವರ್ಡ್. ಅವನು 1327ರಿಂದ 1377ರವರೆಗೆ, ಐವತ್ತು ವರ್ಷ ಆಳಿದ. ಫ್ರಾನ್ಸಿನ ಸಿಂಹಾಸನ ತನಗೆ ಸೇರಬೇಕೆಂದು ಅವನು ಹೂಡಿದ ಯುದ್ಧವೇ ಮುಂದೆ ನೂರು ವರ್ಷಗಳ ಯುದ್ಧ ಎನಿಸಿಕೊಂಡಿತು. ಆ ವಾದಕ್ಕೆ ಅವನಿಗಿದ್ದ ಆಧಾರ ಅವನ ತಾಯಿ ಇಸಬೆಲ್ಲಾ, ಫ್ರಾನ್ಸಿನ ದೊರೆ ನಾಲ್ಕನೆಯ ಫಿಲಿಪನ ಮಗಳು. ಅದೇ ಎಡ್ವರ್ಡ್ ತನ್ನ ಕೊನೆಗಾಲದಲ್ಲಿ, 1376ರಲ್ಲಿ, ಇಂಗ್ಲೆಂಡಿನ ಕಿರೀಟ ಗಂಡುಸಂತಾನದ ಸಾಲಿನಲ್ಲೇ ಇಳಿಯಬೇಕೆಂದು ಒಂದು ಶಾಸನ ಬರೆಸಿದ. ಫ್ರಾನ್ಸಿಗೆ ಒಂದು ನ್ಯಾಯ, ಇಂಗ್ಲೆಂಡಿಗೆ ಇನ್ನೊಂದು ನ್ಯಾಯ. ಈ ಶಾಸನವನ್ನು ಅವನ ನಂತರದವರು ಎಂದೂ ಗಟ್ಟಿಯಾಗಿ ಹಿಡಿದು ಜಾರಿಗೆ ತರಲಿಲ್ಲ, ಹಾಗಾಗಿ ವಿಷಯ ಇತ್ಯರ್ಥವಾಗದೆ ಉಳಿಯಿತು.

ಎಡ್ವರ್ಡನ ಗಂಡುಮಕ್ಕಳಲ್ಲಿ ಐವರು ಬೆಳೆದು ದೊಡ್ಡವರಾದರು. ಹಿರಿಯ, ಕಪ್ಪು ರಾಜಕುಮಾರನೆಂದು ಹೆಸರಾದ ಎಡ್ವರ್ಡ್, ತಂದೆಗಿಂತ ಒಂದು ವರ್ಷ ಮೊದಲೇ ಸತ್ತ. ಎರಡನೆಯವನು ಲಯನಲ್, ಕ್ಲಾರೆನ್ಸಿನ ಡ್ಯೂಕ್, 1338ರಲ್ಲಿ ಆಂಟ್‌ವರ್ಪಿನಲ್ಲಿ ಹುಟ್ಟಿದವನು. ಮೂರನೆಯವನು ಜಾನ್, 1340ರಲ್ಲಿ ಫ್ಲಾಂಡರ್ಸಿನ ಗೆಂಟ್ ಪಟ್ಟಣದಲ್ಲಿ ಹುಟ್ಟಿದ್ದರಿಂದ ಜಾನ್ ಆಫ್ ಗಾಂಟ್. ಲ್ಯಾಂಕಾಸ್ಟರಿನ ಸಂಪತ್ತು ಮತ್ತು ಬಿರುದು ಅವನಿಗೆ ಹೆಂಡತಿ ಬ್ಲಾಂಚಳ ತೌರಿನಿಂದ ಬಂದದ್ದು. ನಾಲ್ಕನೆಯವನು ಎಡ್ಮಂಡ್, 1341ರಲ್ಲಿ ಲ್ಯಾಂಗ್ಲಿಯಲ್ಲಿ ಹುಟ್ಟಿದವನು, ಯಾರ್ಕಿನ ಮೊದಲ ಡ್ಯೂಕ್. ಐದನೆಯ ಥಾಮಸನ ಕವಲು ನಮ್ಮ ಕಥೆಗೆ ಅಗತ್ಯವಿಲ್ಲ. ಈ ಪಟ್ಟಿಯಲ್ಲಿ ಲಯನಲ್ ಜಾನನಿಗಿಂತ ಹಿರಿಯ, ಜಾನ್ ಎಡ್ಮಂಡನಿಗಿಂತ ಹಿರಿಯ ಎಂಬುದನ್ನು ದಯವಿಟ್ಟು ನೆನಪಿನಲ್ಲಿಡಿ. ಮುಂದಿನ ಎಲ್ಲವೂ ಈ ಕ್ರಮದ ಮೇಲೆ ನಿಂತಿದೆ.

ಹಿರಿಯ ಮಗನ ಮಗ ಎರಡನೆಯ ರಿಚರ್ಡ್ ಹತ್ತು ವರ್ಷದ ಬಾಲಕನಾಗಿ 1377ರಲ್ಲಿ ಪಟ್ಟಕ್ಕೆ ಬಂದ. ಅವನಿಗೆ ಮಕ್ಕಳಾಗಲಿಲ್ಲ. ಜಾನ್ ಆಫ್ ಗಾಂಟನ ಮಗ ಹೆನ್ರಿ 1399ರಲ್ಲಿ ಅವನನ್ನು ಇಳಿಸಿ ನಾಲ್ಕನೆಯ ಹೆನ್ರಿಯಾದ. ಇಲ್ಲಿಂದ ಲ್ಯಾಂಕಾಸ್ಟರ್ ದೊರೆಗಳು: ನಾಲ್ಕನೆಯ, ಐದನೆಯ, ಆರನೆಯ ಹೆನ್ರಿ. ಗಂಡುಸಾಲನ್ನು ಮಾತ್ರ ಎಣಿಸಿದರೆ ಹೆನ್ರಿಯ ಪಟ್ಟಕ್ಕೆ ನ್ಯಾಯವಿತ್ತು, ಏಕೆಂದರೆ ಹಿರಿಯ ಲಯನಲನಿಗೆ ಗಂಡುಮಕ್ಕಳಿರಲಿಲ್ಲ. ಆದರೆ ಲಯನಲನಿಗೆ ಒಬ್ಬಳು ಮಗಳಿದ್ದಳು.

ಅವಳ ಹೆಸರು ಫಿಲಿಪ್ಪಾ, ಹುಟ್ಟಿದ್ದು 1355ರಲ್ಲಿ. ಅವಳನ್ನು ವೇಲ್ಸಿನ ಗಡಿನಾಡಿನ ಪ್ರಬಲ ಮನೆತನವಾದ ಮಾರ್ಟಿಮರರಿಗೆ ಕೊಟ್ಟರು. ಅವಳ ಮಗ ರೋಜರ್ ಮಾರ್ಟಿಮರ್ 1398ರಲ್ಲಿ ಐರ್ಲೆಂಡಿನ ಕಾಳಗದಲ್ಲಿ ಸತ್ತ. ಆದ್ದರಿಂದ ಮರುವರ್ಷ ಎರಡನೆಯ ರಿಚರ್ಡನನ್ನು ಇಳಿಸುವ ಹೊತ್ತಿಗೆ ಲಯನಲನ ಕವಲಿನ ಹಕ್ಕುದಾರ ರೋಜರನ ಮಗ ಎಡ್ಮಂಡ್, ಏಳು ವರ್ಷದ ಹುಡುಗ. ಏಳು ವರ್ಷದ ಹುಡುಗ ಒಂದು ಕಡೆ, ಸೈನ್ಯದೊಡನೆ ಬಂದಿಳಿದ ಪ್ರಾಯದ ಹೆನ್ರಿ ಇನ್ನೊಂದು ಕಡೆ ಇರುವಾಗ ವಂಶಾವಳಿಯನ್ನು ಯಾರು ಬಿಚ್ಚಿ ನೋಡುತ್ತಾರೆ? ಆ ಹುಡುಗ ಬೆಳೆದು, ಹೆಚ್ಚು ಕಾಲ ಹೆನ್ರಿಗಳ ಕಣ್ಗಾವಲಿನಲ್ಲೇ ಬದುಕಿ, 1425ರಲ್ಲಿ ಮಕ್ಕಳಿಲ್ಲದೆ ತೀರಿಕೊಂಡ. ಅವನಿಗೊಬ್ಬಳು ಅಕ್ಕನಿದ್ದಳು, ಆನ್ ಮಾರ್ಟಿಮರ್. ಇಡೀ ವಂಶವೃಕ್ಷದಲ್ಲಿ ಒಂದು ಹೆಸರನ್ನು ಮಾತ್ರ ನೆನಪಿಟ್ಟುಕೊಳ್ಳಿ ಎಂದು ನನ್ನನ್ನು ಕೇಳಿದರೆ ನಾನು ಹೇಳುವ ಹೆಸರು ಇದೇ. ಆನ್ ಬದುಕಿದ್ದು ಇಪ್ಪತ್ತೊಂದು ವರ್ಷದ ಆಸುಪಾಸು. ಅವಳು ಮದುವೆಯಾದದ್ದು ಯಾರ್ಕಿನ ಡ್ಯೂಕ್ ಎಡ್ಮಂಡನ ಕಿರಿಯ ಮಗನಾದ ಕಾನಿಸ್‌ಬರೋದ ರಿಚರ್ಡನನ್ನು. 1411ರಲ್ಲಿ ಒಬ್ಬ ಗಂಡುಮಗುವನ್ನು ಹೆತ್ತು, ಅದೇ ಸುಮಾರಿಗೆ ಅವಳು ಸತ್ತಳು. ಆ ಮಗುವೇ ಯಾರ್ಕಿನ ಡ್ಯೂಕ್ ರಿಚರ್ಡ್, ನಮ್ಮ ಮೂರನೆಯ ರಿಚರ್ಡನ ತಂದೆ.

ಆ ಮಗುವಿನ ಪಾಲಿಗೆ 1415 ಒಂದು ವಿಚಿತ್ರ ವರ್ಷ. ಆಗಸ್ಟ್ 5ರಂದು ಅವನ ತಂದೆ ಕಾನಿಸ್‌ಬರೋ ರಾಜದ್ರೋಹಕ್ಕಾಗಿ ಶಿರಚ್ಛೇದಕ್ಕೆ ಗುರಿಯಾದ. ಅವನ ಮೇಲಿದ್ದ ಆರೋಪವೆಂದರೆ ಐದನೆಯ ಹೆನ್ರಿಯನ್ನು ತೆಗೆದು ತನ್ನ ಭಾವಮೈದುನ ಎಡ್ಮಂಡ್ ಮಾರ್ಟಿಮರನನ್ನು ದೊರೆಯಾಗಿಸಲು ಸಂಚು ಹೂಡಿದ್ದ ಎಂಬುದು. ಆ ಸಂಚನ್ನು ದೊರೆಗೆ ತಿಳಿಸಿದವನು ಮಾರ್ಟಿಮರನೇ. ಅಕ್ಟೋಬರ್ 25ರಂದು ಮಗುವಿನ ದೊಡ್ಡಪ್ಪ, ಯಾರ್ಕಿನ ಎರಡನೆಯ ಡ್ಯೂಕ್, ಆಜಿನ್‌ಕೋರ್ ಕದನದಲ್ಲಿ ಅದೇ ಐದನೆಯ ಹೆನ್ರಿಯ ಪರವಾಗಿ ಹೋರಾಡುತ್ತ ಮಡಿದ, ಅವನಿಗೂ ಮಕ್ಕಳಿರಲಿಲ್ಲ. ಹೀಗೆ ನಾಲ್ಕು ವರ್ಷದ ತಬ್ಬಲಿ ದೊಡ್ಡಪ್ಪನಿಂದ ಯಾರ್ಕಿನ ಬಿರುದಿಗೂ, ಹತ್ತು ವರ್ಷಗಳ ಮೇಲೆ ಸೋದರಮಾವ ಎಡ್ಮಂಡನಿಂದ ಮಾರ್ಟಿಮರರ ಭೂಮಿಗೂ ಹಕ್ಕಿಗೂ ವಾರಸುದಾರನಾದ. ದೊಡ್ಡಪ್ಪನ ಕಡೆಯದು ಎಡ್ವರ್ಡನ ನಾಲ್ಕನೆಯ ಮಗನ ಸಾಲು, ಸೋದರಮಾವನ ಕಡೆಯದು ಎರಡನೆಯ ಮಗನ ಸಾಲು. ಇಂಗ್ಲಿಷಿನಲ್ಲಿ ಈ ಇಬ್ಬರಿಗೂ ಒಂದೇ ಸಂಬಂಧವಾಚಕ ಪದವಿರುವುದರಿಂದ ಆ ಭಾಷೆಯ ವಿವರಣೆಗಳನ್ನು ಓದುವಾಗ ಇಲ್ಲಿ ಎಡವುವವರು ಬಹಳ; ಕನ್ನಡದ ಸಂಬಂಧವಾಚಕಗಳಲ್ಲಿ ಇಟ್ಟು ನೋಡಿದರೆ ಯಾವ ಕಡೆಯಿಂದ ಯಾವುದು ಬಂತೆಂಬುದು ಒಮ್ಮೆಗೇ ಸ್ಪಷ್ಟವಾಗುತ್ತದೆ.

ಈ ಹುಡುಗ ದೊಡ್ಡವನಾಗಿ, ಆರನೆಯ ಹೆನ್ರಿಯ ದುರ್ಬಲ ಆಡಳಿತದಲ್ಲಿ ಹಲವು ಏಳುಬೀಳುಗಳನ್ನು ಕಂಡು, 1460ರ ಅಕ್ಟೋಬರ್ 10ರಂದು ವೆಸ್ಟ್‌ಮಿನ್‌ಸ್ಟರಿನ ಅರಮನೆಗೆ ಬಂದ. ಪಾರ್ಲಿಮೆಂಟ್ ಸೇರಿತ್ತು. ಅವನು ನೇರವಾಗಿ ಬರಿದಾಗಿದ್ದ ಸಿಂಹಾಸನದ ಬಳಿ ನಡೆದು, ಇದು ನನ್ನದು ಎನ್ನುವಂತೆ ಅದರ ಮೆತ್ತೆಯ ಮೇಲೆ ಕೈ ಇಟ್ಟು, ಸಭೆಯ ಕಡೆ ತಿರುಗಿ ಜಯಘೋಷಕ್ಕಾಗಿ ಕಾದ. ಯಾರೂ ಬಾಯಿ ಬಿಡಲಿಲ್ಲ. ಕೊನೆಗೆ ಕ್ಯಾಂಟರ್ಬರಿಯ ಆರ್ಚ್‌ಬಿಷಪ್ ಮುಂದೆ ಬಂದು, ದೊರೆಯನ್ನು ಕಾಣಲು ಬಯಸುವಿರಾ ಎಂದು ಕೇಳಿದ. ಈ ರಾಜ್ಯದಲ್ಲಿ ನಾನು ಹೋಗಿ ಕಾಣಬೇಕಾದವರು ಯಾರೂ ಇಲ್ಲ, ಅವರೇ ಬಂದು ನನ್ನನ್ನು ಕಾಣಬೇಕು ಎಂಬರ್ಥದ ಉತ್ತರ ಬಂತು.

ಆ ಬಳಿಕ ನಡೆದ ವಾದವಿವಾದ ಪಾರ್ಲಿಮೆಂಟಿನ ದಾಖಲೆಗಳಲ್ಲಿ ಉಳಿದಿದೆ. ವಂಶಾವಳಿಯ ಅಭ್ಯಾಸಿಗಳಿಗೆ ಅದಕ್ಕಿಂತ ಒಳ್ಳೆಯ ಪಾಠ ಇನ್ನೊಂದಿಲ್ಲ ಎಂದು ನನ್ನ ಅಭಿಪ್ರಾಯ. ಯಾರ್ಕ್ ತನ್ನ ಹಕ್ಕನ್ನು ಗಂಡುಸಾಲಿನ ಅಜ್ಜ ಎಡ್ಮಂಡನ ಮೂಲಕ ಹೇಳಿಕೊಳ್ಳಲಿಲ್ಲ. ಹೇಳಿಕೊಂಡಿದ್ದರೆ ಅಣ್ಣನ ಸಾಲಿನವರಾದ ಲ್ಯಾಂಕಾಸ್ಟರರ ಎದುರು ತಮ್ಮನ ಸಾಲು ಸೋಲುತ್ತಿತ್ತು. ಲಯನಲ್, ಅವನ ಮಗಳು ಫಿಲಿಪ್ಪಾ, ಅವಳ ಮಗ ರೋಜರ್, ಅವನ ಮಗಳು ಆನ್, ಅವಳ ಮಗ ತಾನು ಎಂದು ಅವನು ಲಿಖಿತವಾಗಿ ಸಲ್ಲಿಸಿದ. ಅಂದರೆ ಐದು ಹೆಸರಿನ ಆ ಸರಪಳಿಯಲ್ಲಿ ಎರಡು ಹೆಣ್ಣು ಹೆಸರುಗಳು, ಎರಡೂ ಅನಿವಾರ್ಯ. ಎದುರಿನವರು ಎತ್ತಿದ ಆಕ್ಷೇಪಗಳಲ್ಲಿ ಒಂದು ಬಹಳ ಸೂಕ್ಷ್ಮವಾದದ್ದು: ನೀವು ಲಯನಲನ ವಾರಸುದಾರ ಎನ್ನುತ್ತೀರಿ, ಹಾಗಿದ್ದರೆ ಇಷ್ಟು ವರ್ಷ ನಿಮ್ಮ ಗುರಾಣಿಯ ಮೇಲೆ ಲಯನಲನ ಲಾಂಛನದ ಬದಲು ಎಡ್ಮಂಡನ ಲಾಂಛನವನ್ನೇಕೆ ಧರಿಸಿದಿರಿ? ತಾನು ಧರಿಸಬಹುದಿತ್ತು, ಸಕಾರಣವಾಗಿ ಧರಿಸಲಿಲ್ಲ ಎಂದು ಯಾರ್ಕ್ ಉತ್ತರಿಸಿದ. ಹಕ್ಕು ಕೆಲಕಾಲ ಮೌನವಾಗಿ ಮಲಗಿರಬಹುದು, ಆದರೆ ಅದು ಕೊಳೆಯುವುದಿಲ್ಲ, ಅಳಿಯುವುದೂ ಇಲ್ಲ ಎಂಬುದು ಅವನು ಆಗ ಹೇಳಿದ ಮಾತಿನ ಸಾರ. ಗಂಡುಸಾಲಿನ ಲಾಂಛನವನ್ನು ಮೈಮೇಲೆ ಹೊತ್ತು ಹೆಣ್ಣುಸಾಲಿನ ಹಕ್ಕನ್ನು ಕೇಳಿದ ಮನೆ ಅದು. ಯಾರ್ಕ್ ವಂಶ ಎಂಬ ಹೆಸರೇ ನಮ್ಮನ್ನು ಹಾದಿ ತಪ್ಪಿಸುವುದು ಇಲ್ಲಿ. ಹಕ್ಕಿನ ದೃಷ್ಟಿಯಿಂದ ಅದನ್ನು ಮಾರ್ಟಿಮರ್ ವಂಶ ಎಂದು ಕರೆದಿದ್ದರೆ ಅರ್ಧ ಗೊಂದಲ ಹುಟ್ಟುತ್ತಲೇ ಇರಲಿಲ್ಲ.

ಪಾರ್ಲಿಮೆಂಟ್ ಒಂದು ರಾಜಿ ಮಾಡಿಸಿತು: ಹೆನ್ರಿ ಬದುಕಿರುವವರೆಗೆ ದೊರೆ, ಆಮೇಲೆ ಯಾರ್ಕ್ ಮತ್ತು ಅವನ ಮಕ್ಕಳು. ಎರಡೇ ತಿಂಗಳಲ್ಲಿ, ಡಿಸೆಂಬರ್ 30ರಂದು, ವೇಕ್‌ಫೀಲ್ಡಿನ ಕದನದಲ್ಲಿ ಯಾರ್ಕ್ ಮತ್ತು ಅವನ ಎರಡನೆಯ ಮಗ ಎಡ್ಮಂಡ್ ಇಬ್ಬರೂ ಸತ್ತರು. ಯಾರ್ಕ್ ನಗರದ ಹೆಬ್ಬಾಗಿಲ ಮೇಲೆ ಆ ತಂದೆಯ ತಲೆಯನ್ನು ಕಾಗದದ ಕಿರೀಟ ತೊಡಿಸಿ ಸಿಕ್ಕಿಸಿದರು. ಹಿರಿಯ ಮಗ ಎಡ್ವರ್ಡ್, ಇನ್ನೂ ಹದಿನೆಂಟರ ಯುವಕ, 1461ರ ಮಾರ್ಚಿನಲ್ಲಿ ನಾಲ್ಕನೆಯ ಎಡ್ವರ್ಡ್ ಎಂದು ಪಟ್ಟಕ್ಕೆ ಬಂದ.

ಮೂರನೆಯ ರಿಚರ್ಡ್ ಈ ಎಡ್ವರ್ಡನ ಕಿರಿಯ ತಮ್ಮ. ಹುಟ್ಟಿದ್ದು 1452ರ ಅಕ್ಟೋಬರ್ 2ರಂದು, ನಾರ್ಥಾಂಪ್ಟನ್‌ಷೈರಿನ ಫೊದರಿಂಗೇ ಕೋಟೆಯಲ್ಲಿ. ತಂದೆ ಸತ್ತಾಗ ಅವನಿಗೆ ಎಂಟು ವರ್ಷ. ತಾಯಿ ಸೆಸಿಲಿ ನೆವಿಲ್. ಯಾರ್ಕ್ ತಬ್ಬಲಿಯಾಗಿದ್ದಾಗ ಅವನ ಪಾಲನೆಯ ಹೊಣೆಯನ್ನು ಪಡೆದವನು ಸೆಸಿಲಿಯ ತಂದೆ, ವೆಸ್ಟ್‌ಮೋರ್‌ಲೆಂಡಿನ ಅರ್ಲ್ ರಾಲ್ಫ್ ನೆವಿಲ್. ಆಸ್ತಿವಂತ ತಬ್ಬಲಿಯನ್ನು ತನ್ನ ಮಗಳಿಗೇ ಗಂಡನನ್ನಾಗಿ ಮಾಡಿಕೊಳ್ಳುವುದು ಆ ಕಾಲದ ರೂಢಿ. ಸೆಸಿಲಿಯ ತಾಯಿ ಜೋನ್ ಬೋಫರ್ಟ್. ಈ ಜೋನ್ ಯಾರ ಮಗಳು ಗೊತ್ತೇ? ಜಾನ್ ಆಫ್ ಗಾಂಟನ ಮಗಳು. ಎಂದರೆ ಲ್ಯಾಂಕಾಸ್ಟರರನ್ನು ಉರುಳಿಸಿದ ಯಾರ್ಕ್ ಸಹೋದರರು ತಾಯಿಯ ಕಡೆಯಿಂದ ಲ್ಯಾಂಕಾಸ್ಟರಿನ ಮೂಲಪುರುಷನದೇ ಮರಿಮಕ್ಕಳು. ಲಯನಲ್, ಜಾನ್, ಎಡ್ಮಂಡ್, ಹೀಗೆ ಮೂರನೆಯ ಎಡ್ವರ್ಡನ ಮೂವರು ಮಕ್ಕಳ ರಕ್ತ ರಿಚರ್ಡನಲ್ಲಿ ಕೂಡಿತ್ತು. ಅವುಗಳಲ್ಲಿ ಒಂದು ಮಾತ್ರ ಶುದ್ಧ ಗಂಡುಸಾಲು; ಉಳಿದೆರಡೂ ಹೆಣ್ಣುಮಕ್ಕಳನ್ನು ಹಾದು ಬಂದವು. ಯಾರ್ಕ್ ಮತ್ತು ಲ್ಯಾಂಕಾಸ್ಟರ್ ಬೇರೆ ವಂಶಗಳೇ ಎಂಬ ನಿಮ್ಮ ಪ್ರಶ್ನೆಗೆ ಇದಕ್ಕಿಂತ ಸ್ಪಷ್ಟವಾದ ಉತ್ತರ ನನಗೆ ತೋಚುವುದಿಲ್ಲ.

ರಿಚರ್ಡ್ ದೊರೆಯಾದ ಬಗೆಯನ್ನು ವಂಶದ ಪ್ರಶ್ನೆಗೆ ಬೇಕಾದಷ್ಟು ಮಾತ್ರ ಹೇಳುತ್ತೇನೆ. ನಾಲ್ಕನೆಯ ಎಡ್ವರ್ಡ್ 1483ರ ಏಪ್ರಿಲ್ 9ರಂದು ತೀರಿಕೊಂಡಾಗ ಅವನ ಹನ್ನೆರಡು ವರ್ಷದ ಮಗ ಐದನೆಯ ಎಡ್ವರ್ಡ್ ಎನಿಸಿಕೊಂಡ. ಆದರೆ ಅಣ್ಣ ನಾಲ್ಕನೆಯ ಎಡ್ವರ್ಡ್ ಎಲಿಜಬೆತ್ ವುಡ್‌ವಿಲಳನ್ನು ಮದುವೆಯಾಗುವ ಮೊದಲೇ ಎಲಿನರ್ ಟಾಲ್ಬಟ್ ಎಂಬ ಸ್ತ್ರೀಗೆ ವಿವಾಹದ ಮಾತು ಕೊಟ್ಟಿದ್ದನೆಂದೂ, ಆದ್ದರಿಂದ ನಂತರದ ಮದುವೆ ಅಸಿಂಧುವೆಂದೂ, ಅದರಲ್ಲಿ ಹುಟ್ಟಿದವರು ಔರಸ ಸಂತಾನವಲ್ಲವೆಂದೂ ವಾದ ಹೂಡಲಾಯಿತು. ನಡುವಿನ ಅಣ್ಣ ಕ್ಲಾರೆನ್ಸಿನ ಜಾರ್ಜ್ 1478ರಲ್ಲಿ ರಾಜದ್ರೋಹಕ್ಕೆ ಮರಣದಂಡನೆ ಪಡೆದಿದ್ದ. ತಂದೆಯ ಆ ಕಳಂಕದ ಕಾರಣ ಮುಂದೊಡ್ಡಿ ಅವನ ಮಗ ವಾರಿಕ್ಕಿನ ಅರ್ಲನನ್ನೂ ಸಾಲಿನಿಂದ ಹೊರಗಿಟ್ಟರು. ಉಳಿದವನು ರಿಚರ್ಡ್ ಒಬ್ಬನೇ. ಜುಲೈ 6ರಂದು ಅವನಿಗೆ ಪಟ್ಟಾಭಿಷೇಕವಾಯಿತು, ಮರುವರ್ಷ ಪಾರ್ಲಿಮೆಂಟ್ ಈ ವಾದವನ್ನೇ ಶಾಸನವಾಗಿ ಅಂಗೀಕರಿಸಿತು. ಲಂಡನ್ ಗೋಪುರದಲ್ಲಿದ್ದ ಐದನೆಯ ಎಡ್ವರ್ಡ್ ಮತ್ತು ಅವನ ತಮ್ಮ, ಈ ಇಬ್ಬರು ಹುಡುಗರು, ಆ ಬೇಸಗೆಯ ನಂತರ ಯಾರ ಕಣ್ಣಿಗೂ ಬೀಳಲಿಲ್ಲ. ಅದು ಪ್ರತ್ಯೇಕ ಉತ್ತರವನ್ನೇ ಬೇಡುವ ವಿಷಯ. ಇಲ್ಲಿ ಗಮನಿಸಬೇಕಾದದ್ದು, ಹಕ್ಕಿನ ತೀರ್ಮಾನ ಮತ್ತೊಮ್ಮೆ ಯಾರು ಯಾರಿಗೆ ಧರ್ಮಪತ್ನಿ ಎಂಬುದರ ಮೇಲೆಯೇ ನಿಂತಿತು ಎಂಬುದನ್ನು.

ರಿಚರ್ಡನ ಹೆಂಡತಿ ಆನ್ ನೆವಿಲ್ ಅವನ ಸೋದರಮಾವನ ಮೊಮ್ಮಗಳು. ಅವರ ಒಬ್ಬನೇ ಮಗ ಎಡ್ವರ್ಡ್ 1484ರ ವಸಂತದಲ್ಲಿ ಸತ್ತ. 1485ರ ಮಾರ್ಚಿನಲ್ಲಿ ರಾಣಿಯೂ ಹೋದಳು. ಅದೇ ಆಗಸ್ಟ್ 22ರಂದು ಬಾಸ್ವರ್ತಿನ ಬಯಲಿನಲ್ಲಿ, ಮೂವತ್ತೆರಡರ ಪ್ರಾಯದಲ್ಲಿ, ರಿಚರ್ಡ್ ಹೋರಾಡುತ್ತ ಮಡಿದ. ಗೆದ್ದು ದೊರೆಯಾದ ಹೆನ್ರಿ ಟ್ಯೂಡರನ ಹಕ್ಕಾದರೂ ಎಲ್ಲಿಂದ ಬಂದದ್ದು? ಅವನ ತಾಯಿ ಮಾರ್ಗರೆಟ್ ಬೋಫರ್ಟಳಿಂದ. ಅವಳು ಜಾನ್ ಆಫ್ ಗಾಂಟನ ಮರಿಮಗಳು. ಅವನು ಮರುವರ್ಷ ಮದುವೆಯಾದದ್ದು ನಾಲ್ಕನೆಯ ಎಡ್ವರ್ಡನ ಮಗಳು, ಎಂದರೆ ರಿಚರ್ಡನ ಅಣ್ಣನ ಮಗಳು ಎಲಿಜಬೆತಳನ್ನು. ಅವಳನ್ನು ಔರಸಳಲ್ಲ ಎಂದಿದ್ದ 1484ರ ಶಾಸನವನ್ನು ಓದಿ ಹೇಳದೆಯೇ ರದ್ದುಮಾಡಿಸಿ, ಪ್ರತಿಗಳನ್ನು ನಾಶಪಡಿಸಲು ಹೆನ್ರಿ ಆಜ್ಞೆ ಮಾಡಿದ. ಇಂದಿನ ಇಂಗ್ಲೆಂಡಿನ ರಾಜಮನೆತನ ಈ ಎಲಿಜಬೆತಳ ಸಂತತಿಯೇ. ಔರಸ ಗಂಡುಸಾಲಿನ ಪ್ಲಾಂಟಾಜೆನೆಟರು ಮಾತ್ರ ವಾರಿಕ್ಕಿನ ಆ ಹುಡುಗನ ತಲೆಯನ್ನು 1499ರಲ್ಲಿ ತೆಗೆದಾಗ ಮುಗಿದುಹೋದರು.

ಇನ್ನು ಎಲುಬುಗಳ ವಿಷಯ. ಬಾಸ್ವರ್ತಿನಿಂದ ರಿಚರ್ಡನ ಶವವನ್ನು ಲೆಸ್ಟರಿಗೆ ತಂದು ಗ್ರೇಫ್ರಯರ್ಸ್ ಮಠದ ಚರ್ಚಿನಲ್ಲಿ ಹೂಳಿದ್ದರು. ಮುಂದೆ ಮಠ ನೆಲಸಮವಾಗಿ, ಆ ಜಾಗದ ಒಂದು ಭಾಗ ನಗರಾಡಳಿತದ ವಾಹನ ನಿಲ್ದಾಣವಾಗಿತ್ತು. ಲೆಸ್ಟರ್ ವಿಶ್ವವಿದ್ಯಾಲಯದ ಪುರಾತತ್ವಜ್ಞರು 2012ರ ಆಗಸ್ಟ್ 25ರಂದು ಅಗೆತ ಶುರುಮಾಡಿದ ಮೊದಲ ದಿನವೇ ಕಾಲಿನ ಎಲುಬುಗಳು ಕಾಣಿಸಿದವು. ಗುಂಡಿಯನ್ನು ಅವಸರದಲ್ಲಿ ತೋಡಿದಂತಿತ್ತು. ದೇಹದ ಉದ್ದಕ್ಕೆ ಸಾಲದೆ, ತಲೆ ಗುಂಡಿಯ ಅಂಚಿಗೆ ಒರಗಿ ಮುಂದಕ್ಕೆ ಬಾಗಿತ್ತು. ಬೆನ್ನುಮೂಳೆ ಪಕ್ಕಕ್ಕೆ ಬಿಲ್ಲಿನಂತೆ ಬಳುಕಿತ್ತು. ಪಾದಗಳಿರಲಿಲ್ಲ, ನಂತರದ ಕಾಲದ ಕಟ್ಟಡ ಕೆಲಸದಲ್ಲಿ ಕಳೆದುಹೋಗಿದ್ದವು. ಎಲುಬುಗಳ ಮೇಲೆ ಹನ್ನೊಂದು ಗಾಯದ ಗುರುತುಗಳಿದ್ದವು, ಅದರಲ್ಲಿ ಒಂಬತ್ತು ತಲೆಬುರುಡೆಯ ಮೇಲೆಯೇ. ವಯಸ್ಸು 30ರಿಂದ 34ರ ನಡುವೆ ಎಂದು ಅಂದಾಜಾಯಿತು. ಎಲ್ಲವೂ ರಿಚರ್ಡನತ್ತಲೇ ಬೆರಳು ತೋರುತ್ತಿದ್ದವು, ಆದರೆ ಖಚಿತಪಡಿಸಲು ಡಿಎನ್‌ಎ ಬೇಕಿತ್ತು.

ಇಲ್ಲಿ ಎರಡು ಬಗೆಯ ಡಿಎನ್‌ಎ ಇದೆ ಎಂಬುದನ್ನು ತಿಳಿದಿರಬೇಕು. ವೈ ವರ್ಣತಂತು ತಂದೆಯಿಂದ ಮಗನಿಗೆ ಮಾತ್ರ ಇಳಿಯುತ್ತದೆ. ಮೈಟೊಕಾಂಡ್ರಿಯದ ಡಿಎನ್‌ಎ ತಾಯಿಯಿಂದ ಎಲ್ಲ ಮಕ್ಕಳಿಗೂ ಬರುತ್ತದೆ, ಆದರೆ ಮುಂದಿನ ತಲೆಮಾರಿಗೆ ಅದನ್ನು ದಾಟಿಸುವವರು ಹೆಣ್ಣುಮಕ್ಕಳು ಮಾತ್ರ. ತುಳುನಾಡಿನ ಅಳಿಯಸಂತಾನದ ಮನೆಗಳಲ್ಲಿ ಬಳಿ, ಎಂದರೆ ಕುಲ, ತಾಯಿಯಿಂದ ಬರುವ ಕ್ರಮವನ್ನು ಬಲ್ಲವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ರಿಚರ್ಡ್ ಮತ್ತು ಅವನ ಹಿರಿಯಕ್ಕ ಆನ್ ಇಬ್ಬರಲ್ಲೂ ಸೆಸಿಲಿಯಿಂದ ಬಂದ ಒಂದೇ ಮೈಟೊಕಾಂಡ್ರಿಯದ ಡಿಎನ್‌ಎ ಇತ್ತು. ರಿಚರ್ಡನಲ್ಲಿ ಅದು ನಿಂತಿತು, ಅಕ್ಕನಲ್ಲಿ ಮುಂದುವರಿಯಿತು. ಇತಿಹಾಸಕಾರ ಜಾನ್ ಆಶ್‌ಡೌನ್-ಹಿಲ್ ಅಗೆತಕ್ಕೆ ಕೆಲವು ವರ್ಷಗಳ ಮೊದಲೇ ಈ ಅಕ್ಕನ ಹೆಣ್ಣುಸಾಲನ್ನು ತಾಯಿ, ಮಗಳು, ಮೊಮ್ಮಗಳು ಎಂದು ಹಿಡಿದು ಇಂದಿನವರೆಗೆ ತಂದಿದ್ದರು. ಎರಡನೆಯ ಸಾಲೊಂದನ್ನು ವಿಶ್ವವಿದ್ಯಾಲಯದ ತಂಡ ಪತ್ತೆ ಮಾಡಿತು. ಜೀವಂತವಿದ್ದ ಆ ಇಬ್ಬರು ವಂಶಜರಲ್ಲಿ ಒಬ್ಬರ ಮೈಟೊಕಾಂಡ್ರಿಯದ ಡಿಎನ್‌ಎ ಅಸ್ಥಿಪಂಜರದ್ದಕ್ಕೆ ಪೂರ್ತಿಯಾಗಿ, ಇನ್ನೊಬ್ಬರದು ಒಂದೇ ಒಂದು ಅಕ್ಷರದ ವ್ಯತ್ಯಾಸದೊಂದಿಗೆ ಹೊಂದಿತು. 2014ರ ಡಿಸೆಂಬರಿನಲ್ಲಿ ಪ್ರಕಟವಾದ ಅಧ್ಯಯನದಲ್ಲಿ ಎಲ್ಲ ಸಾಕ್ಷ್ಯಗಳನ್ನೂ ಕೂಡಿಸಿ, ಇದು ರಿಚರ್ಡನದೇ ದೇಹ ಎಂಬುದು ಕಡಿಮೆಯೆಂದರೂ 99.999 ಶೇಕಡಾ ಖಚಿತ ಎಂದು ಲೆಕ್ಕ ಹಾಕಿದರು.

ತಂದೆಯ ಕಡೆಯ ಪರೀಕ್ಷೆಯೇ ನಿಮ್ಮನ್ನು ಗೊಂದಲಕ್ಕೆ ತಳ್ಳಿದ್ದು. ರಿಚರ್ಡನ ಔರಸ ಗಂಡುಸಂತತಿ ಉಳಿದಿಲ್ಲವಾದ್ದರಿಂದ ಮೂರನೆಯ ಎಡ್ವರ್ಡನವರೆಗೆ ಹಿಂದಕ್ಕೆ ಹೋಗಿ, ಜಾನ್ ಆಫ್ ಗಾಂಟನ ಕವಲಿನಿಂದ ಕೆಳಕ್ಕಿಳಿದು, 18ನೇ ಶತಮಾನದ ಬೋಫರ್ಟ್ ಡ್ಯೂಕ್ ಹೆನ್ರಿ ಸಾಮರ್ಸೆಟನ ಗಂಡುಸಾಲಿನ ಐವರನ್ನು ಪರೀಕ್ಷಿಸಿದರು. ಯಾರದೂ ರಿಚರ್ಡನ ವೈ ವರ್ಣತಂತುವಿಗೆ ಹೊಂದಲಿಲ್ಲ. ಐವರಲ್ಲೇ ಒಬ್ಬರದು ಉಳಿದ ನಾಲ್ವರದಕ್ಕೂ ಹೊಂದಲಿಲ್ಲ ಎಂಬುದನ್ನು ಸುದ್ದಿ ಬರೆದವರು ಹೆಚ್ಚಾಗಿ ಬಿಟ್ಟುಬಿಟ್ಟರು. ದಾಖಲೆಯಲ್ಲಿ ತಂದೆ ಎಂದಿರುವವನು ಒಂದಲ್ಲ ಒಂದು ಕಡೆ ನಿಜವಾದ ತಂದೆಯಾಗಿರಲಿಲ್ಲ ಎಂಬುದಷ್ಟೇ ಇದರ ಅರ್ಥ.

ಎಲ್ಲಿ? ರಿಚರ್ಡನಿಂದ ಮೇಲೆ ಎಡ್ವರ್ಡನವರೆಗೆ ನಾಲ್ಕು ಕೊಂಡಿಗಳು. ಎಡ್ವರ್ಡನಿಂದ ಕೆಳಗೆ ಆ ಡ್ಯೂಕನವರೆಗೆ ಹದಿನೈದು. ಒಟ್ಟು ಹತ್ತೊಂಬತ್ತು. ಪ್ರತಿ ತಲೆಮಾರಿಗೆ ನೂರಕ್ಕೆ ಒಂದರಂತೆ ಇಂಥ ಸಾಧ್ಯತೆಯನ್ನು ಹಿಡಿದರೂ ಹತ್ತೊಂಬತ್ತರಲ್ಲಿ ಒಂದಾದರೂ ಕೊಂಡಿ ಕಳಚಿರುವ ಸಂಭವ ನೂರಕ್ಕೆ ಹದಿನೇಳರಷ್ಟಾಗುತ್ತದೆ, ಹಾಗಾಗಿ ಇದರಲ್ಲಿ ಬೆರಗಾಗುವಂಥದ್ದೇನೂ ಇಲ್ಲ. ಯಾವ ಕೊಂಡಿ ಎಂದು ಈ ಪರೀಕ್ಷೆ ಹೇಳುವುದಿಲ್ಲ. ಎಣಿಕೆಯ ಲೆಕ್ಕದಲ್ಲಿ ಅದು ಹದಿನೈದು ಕೊಂಡಿಗಳ ಕಡೆ ಇರುವ ಸಂಭವವೇ ಹೆಚ್ಚು, ಹಾಗಿದ್ದರೆ ಅದು ರಿಚರ್ಡನಿಗೆ ಸಂಬಂಧಿಸಿದ್ದೇ ಅಲ್ಲ.

ವಾದಕ್ಕಾಗಿ ಅದು ರಿಚರ್ಡನ ಕಡೆಯ ನಾಲ್ಕರಲ್ಲೇ ಇದೆ ಎಂದಿಟ್ಟುಕೊಳ್ಳೋಣ. ಕೆಲವರ ಶಂಕೆ ಇರುವುದು ಅಜ್ಜ ಕಾನಿಸ್‌ಬರೋನ ಮೇಲೆ, ಏಕೆಂದರೆ ಎಡ್ಮಂಡ್ ತನ್ನ ಉಯಿಲಿನಲ್ಲಿ ಈ ಕಿರಿಯ ಮಗನ ಹೆಸರನ್ನೇ ಎತ್ತಲಿಲ್ಲ. ಅವನು ಎಡ್ಮಂಡನ ಮಗನಲ್ಲದಿದ್ದರೂ ಅವನ ಹೆಂಡತಿ ಆನ್ ಮಾರ್ಟಿಮರ್ ಲಯನಲನ ಸಂತತಿಯಾಗಿಯೇ ಉಳಿಯುತ್ತಾಳೆ. ಎಡ್ಮಂಡನೇ ಎಡ್ವರ್ಡನ ಮಗನಲ್ಲ ಎಂದರೂ ಆನಳ ಹಕ್ಕಿಗೆ ಏನೂ ಆಗುವುದಿಲ್ಲ. ಯಾರ್ಕಿನ ತಂದೆ ಬೇರೆಯವನು ಎಂದರೂ ಅವನು ಆನಳ ಹೊಟ್ಟೆಯಲ್ಲಿ ಹುಟ್ಟಿದವನೇ. 1460ರಲ್ಲಿ ಪಾರ್ಲಿಮೆಂಟಿನ ಮುಂದಿಟ್ಟ ಹಕ್ಕಿಗೆ ಧಕ್ಕೆ ತರಬಲ್ಲದ್ದು ಒಂದೇ ಕೊಂಡಿ, ರಿಚರ್ಡ್ ಯಾರ್ಕಿನ ಮಗನಲ್ಲದಿದ್ದರೆ ಎಂಬುದು; ಅಲ್ಲಿಯೂ, ವಿವಾಹದೊಳಗೆ ಹುಟ್ಟಿ ಗಂಡ ತನ್ನದೆಂದು ಒಪ್ಪಿದ ಮಗು ಅವನದೇ ಎಂಬುದು ಆ ಕಾಲದ ಕಾನೂನು. ಕೊಂಡಿ ಕಳಚಿದ್ದು ಜಾನ್ ಆಫ್ ಗಾಂಟನಲ್ಲೇ ಆಗಿದ್ದರೆ ಮಾತ್ರ ಪೆಟ್ಟು ಬೀಳುವುದು ಮೂವರು ಲ್ಯಾಂಕಾಸ್ಟರ್ ಹೆನ್ರಿಗಳ ಮೇಲೆ ಮತ್ತು ಟ್ಯೂಡರನ ಸ್ವಂತ ಹಕ್ಕಿನ ಮೇಲೆ. ಗಾಂಟ್ ರಾಜನ ಮಗನೇ ಅಲ್ಲ ಎಂಬ ಗಾಳಿಮಾತು ಅವನ ಜೀವಿತಕಾಲದಲ್ಲೇ ಹಬ್ಬಿತ್ತು. ಶತ್ರುಗಳು ಹಬ್ಬಿಸಿದ ಆ ಮಾತಿಗೆ ನಾನು ಬೆಲೆ ಕೊಡುವುದಿಲ್ಲ.

ಕೊನೆಯದಾಗಿ, ರಿಚರ್ಡನನ್ನು ಗುರುತಿಸಿಕೊಟ್ಟ ಆ ಮೈಟೊಕಾಂಡ್ರಿಯದ ಎಳೆಯನ್ನು ಸೆಸಿಲಿಯಿಂದ ಇನ್ನೂ ಹಿಂದಕ್ಕೆ ಹಿಡಿದು ಹೋಗಿ. ಸೆಸಿಲಿಗೆ ಅದು ಬಂದದ್ದು ಜೋನ್ ಬೋಫರ್ಟಳಿಂದ, ಜೋನಳಿಗೆ ಬಂದದ್ದು ತಾಯಿ ಕ್ಯಾಥರೀನ್ ಸ್ವಿನ್‌ಫರ್ಡಳಿಂದ. ಈ ಕ್ಯಾಥರೀನ್ ಯಾವ ರಾಜನ ಮಗಳೂ ಅಲ್ಲ. ಮೂರನೆಯ ಎಡ್ವರ್ಡನ ರಾಣಿಯ ತೌರಾದ ಎನೋ ಪ್ರಾಂತದ ಒಬ್ಬ ಸಾಧಾರಣ ನೈಟನ ಮಗಳು; ಜಾನ್ ಆಫ್ ಗಾಂಟನ ಹೆಣ್ಣುಮಕ್ಕಳನ್ನು ನೋಡಿಕೊಳ್ಳಲು ನೇಮಕವಾದವಳು; ವಿಧವೆಯಾದ ಮೇಲೆ ಅವನ ಪ್ರೇಯಸಿಯಾಗಿ ನಾಲ್ವರು ಮಕ್ಕಳನ್ನು ಹೆತ್ತವಳು. ಇಪ್ಪತ್ತಕ್ಕೂ ಹೆಚ್ಚು ವರ್ಷಗಳ ನಂತರ, 1396ರಲ್ಲಿ, ಗಾಂಟ್ ಅವಳನ್ನು ಮದುವೆಯಾದ. ಮರುವರ್ಷ ಪಾರ್ಲಿಮೆಂಟ್ ಆ ಮಕ್ಕಳನ್ನು ಔರಸರೆಂದು ಸಾರಿತು. 1407ರಲ್ಲಿ ಅವರ ಮಲಣ್ಣ ನಾಲ್ಕನೆಯ ಹೆನ್ರಿ ಆ ಶಾಸನದಲ್ಲಿ ರಾಜಪದವಿಯನ್ನು ಹೊರತುಪಡಿಸಿ ಎಂಬ ಮಾತನ್ನು ಸೇರಿಸಿದ. ಕ್ಯಾಥರೀನಳ ತಾಯಿ ಯಾರೆಂದು ಯಾವ ದಾಖಲೆಯೂ ಹೆಸರಿಸುವುದಿಲ್ಲ. ಹೆಸರಿಲ್ಲದ ಆ ಹೆಂಗಸಿನ ಡಿಎನ್‌ಎ ಒಬ್ಬ ದೊರೆಯ ಹಲ್ಲಿನಲ್ಲಿ ಐನೂರು ವರ್ಷ ಮಣ್ಣಿನಡಿ ಉಳಿದು ಅವನನ್ನು ಗುರುತಿಸಿಕೊಟ್ಟಿತು. ರಿಚರ್ಡನನ್ನು 2015ರ ಮಾರ್ಚ್ 26ರಂದು ಲೆಸ್ಟರ್ ಕೆಥೆಡ್ರಲಿನಲ್ಲಿ ಮತ್ತೆ ಸಮಾಧಿ ಮಾಡಿದರು. ಕ್ಯಾಥರೀನಳ ಸಮಾಧಿ ಲಿಂಕನ್ ಕೆಥೆಡ್ರಲಿನಲ್ಲಿದೆ. 1440ರಲ್ಲಿ ತೀರಿಕೊಂಡ ಮಗಳು ಜೋನ್ ಗಂಡನ ಬಳಿಯಲ್ಲ, ಅಲ್ಲೇ ತಾಯಿಯ ಪಕ್ಕದಲ್ಲಿ ಮಲಗಿದ್ದಾಳೆ.